ತೊಗರಿ ಕಣಜದ ಪ್ಲಗ್ಗುಗಳು

ಔರಾದ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ಸುಮಿತ್ರಾಬಾಯಿ ಬೇವಿನ ಮರದಡಿ ಮೋಟಾರು ನಿಲ್ಲಿಸಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಬಾನೆಟ್ ಎತ್ತಿ, ಎಂಜಿನ್ನಿಗೆ ಕಿಡಿ ಕೊಡುವ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಕುಲಸುಮಬೀಗೆ ಗಾಬರಿಯಾಯಿತು.

“ಬಾಯೀ, ಛಲೋ ನಡಿಯೋ ಗಾಡಿ ಯಾಕ ಬಿಚ್ಚಲಿಕತ್ತೀರಿ?”

“ಕೆಡಸಲಿಕ್ಕಿ.”

“ಯಾ ಅಲ್ಲಾ! ಕೆಟ್ಟರ ಹೊತ್ತು ಮುಳುಗೋದರಾಗ ಬೀದರಿಗಿ ಹ್ಯಾಂಗ ಹೋಗೂದ್ರಿ?”

“ಹೋಗೋಣು. ಅದಕ್ಕಂತಲೇ ಕೆಡಸಲಿಕತ್ತೀನಿ.”

ಕುಲಸುಮಬೀ ಮಗುವನ್ನು ಎದೆಗೊತ್ತಿಕೊಂಡಳು. ಅವಳ ಗಂಡ ಅಬ್ದುಲ ಖಾದರ, ಭಾಲ್ಕಿಯ ಜವಳಿ ವ್ಯಾಪಾರಿ ಹಾವಗೆಪ್ಪನ ಡ್ರೈವರ್, ಧಣಿಯನ್ನೇ ಕೊಂದನೆಂಬ ಆರೋಪದ ಮೇಲೆ ಬೀದರ ಜೈಲಿನಲ್ಲಿದ್ದ. ಇವತ್ತು ಸಂಜೆ ಅವನನ್ನು ಲಾರಿಯಲ್ಲಿ ಹೈದರಾಬಾದಿಗೆ ಒಯ್ಯುವವರಿದ್ದರು. ಆ ಲಾರಿ ಹತ್ತಿದವರು ಯಾರೂ ತಿರುಗಿ ಬಂದುದನ್ನು ಈ ಕಡೆಯ ಜನ ಇನ್ನೂ ಕಂಡಿರಲಿಲ್ಲ.

ನಿಜಾಮನ ಆಳಿಕೆ ಕೊನೆಗೊಂಡ ಪೊಲೀಸ್ ಆಕ್ಷನ್ನಿನ ಆ ಗದ್ದಲದ ವಾರದಲ್ಲಿ ಹಾವಗೆಪ್ಪ ಭಾಲ್ಕಿಯಿಂದ ಔರಾದಿನ ಸಾಹುಕಾರ ಮಚ್ಛೇಂದ್ರರಾವನ ಮನೆಗೆ ಹೊರಟಿದ್ದ. ಠಾಣಾ ಕುಶನೂರ ದಾಟಿದ ಮೇಲೆ ರೇಡಿಯೇಟರಿನ ನೀರು ಕುದಿಯಿತು. ಅಬ್ದುಲ ಖಾದರ ಡಬ್ಬಿ ಹಿಡಿದು ದೂರದ ಬಾವಿಗೆ ಹೋದ. ತಿರುಗಿ ಬಂದಾಗ ಧಣಿ ಇರಲಿಲ್ಲ. ಬಾನೆಟ್ ಬಾಯಿ ತೆರೆದುಕೊಂಡಿತ್ತು. ಎಂಜಿನ್ನಿನಲ್ಲಿ ಒಂದೂ ಪ್ಲಗ್ ಇರಲಿಲ್ಲ.

ಅವನು ಓಡಿಹೋಗದೆ ಠಾಣೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದ. ಹೆಸರು ಕೇಳಿದರು. ಅಬ್ದುಲ ಖಾದರ ಎಂದ. ಆ ವಾರ ಅಷ್ಟು ಸಾಕಾಯಿತು. ಹೆಣ ಸಿಗದಿದ್ದರೂ ತನಿಖೆಯ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅಂಥ ಸೋಮಾರಿ ನ್ಯಾಯವನ್ನು ನೆನೆದಾಗಲೆಲ್ಲ ಸುಮಿತ್ರಾಬಾಯಿಗೆ ಬಾಯಿ ಕಹಿಯಾಗುತ್ತಿತ್ತು. ಅವಳ ಗಂಡ ಬೀದರಿನಲ್ಲಿ ವಕೀಲ, ಅಬ್ದುಲ ಖಾದರನ ಕೇಸು ಹಿಡಿದವರು. ಅವರು ಕೋರ್ಟಿನಲ್ಲಿ ಮಾತಾಡುತ್ತಿದ್ದರು. ಆ ಮಾತಿಗೆ ಬೇಕಾದ ಜೀವವನ್ನು ಊರೂರು ಸುತ್ತಿ ಹುಡುಕಿ ತರುವುದು ಇವಳ ಕೆಲಸವಾಗಿತ್ತು.

ಹಳೆಯ ಡಬ್ಬಿಯಿಂದ ಅವಳು ಬೇರೆ ನಾಲ್ಕು ಪ್ಲಗ್ ತೆಗೆದಳು. ಎರಡರ ಪಿಂಗಾಣಿ ಸೀಳಿತ್ತು, ಅವು ಸತ್ತವು. ಇನ್ನೆರಡರ ಮೂತಿ ಕಾಡಿಗೆ ಹಚ್ಚಿದಷ್ಟು ಕಪ್ಪಾಗಿತ್ತು, ಅವು ಅರೆಜೀವ. ನಾಲ್ಕನ್ನೂ ಹಾಕಿ, ಒಳ್ಳೆಯವನ್ನು ಸೀಟಿನ ಕೆಳಗೆ ತಳ್ಳಿ, ಮೋಟಾರು ಚಾಲೂ ಮಾಡಿದಳು. ಅದು ದಮ್ಮಿನ ಮುದುಕನಂತೆ ಕೆಮ್ಮಿ, ಉಗುಳಿ, ಹೊಗೆ ಬಿಟ್ಟು ಹೊರಟಿತು.

“ಕುಲಸುಮಾ, ಅಲ್ಲಿ ನೀ ನಮ್ಮ ಮನಿ ಆಯಾ. ಮಚ್ಛೇಂದ್ರರಾವ ನಿನ್ನ ಕಡಿ ನೋಡೂದಿಲ್ಲ, ಹೆದರಬ್ಯಾಡ. ಸಂಬಳದವರ ಮಾರಿ ನೋಡೂ ರೂಢಿ ಅವನಿಗಿಲ್ಲ.”

ಮಚ್ಛೇಂದ್ರರಾವನ ವಾಡೆಯ ಅಗಸಿ ಬಾಗಿಲೊಳಗೆ ನುಗ್ಗಿ, ಅಂಗಳದ ನಡುವೆ ಒಂದು ಢಂ ಎಂಬ ಸದ್ದು ಮಾಡಿ, ಮೋಟಾರು ನಿಂತಿತು.

ಅವನು ಕಟ್ಟೆಯ ಮೇಲೆ ಲೋಡಿಗೆ ಒರಗಿ ಕೂತಿದ್ದ. ಹೋದ ವರ್ಷದವರೆಗೆ ಆ ತಲೆಯ ಮೇಲೆ ಗೊಂಡೆಯ ರೂಮಿ ಟೋಪಿ ಇರುತ್ತಿತ್ತು. ಈಗ ಖಾದಿ ಟೋಪಿ ಬಂದಿತ್ತು. ಅಂಗಡಿಯ ಮಡಿಕೆ ಕೂಡ ಇನ್ನೂ ಮಾಸಿರಲಿಲ್ಲ. ಯಾವ ಟೋಪಿ ಇಟ್ಟರೂ ಕೆಳಗಿನ ಮುಖ ಅದೇ, ಎಣ್ಣೆ ಹಚ್ಚಿದ ಬದನೆಕಾಯಿ ಎಂದುಕೊಂಡಳು ಸುಮಿತ್ರಾಬಾಯಿ.

“ಬರ್ರಿ ಬರ್ರಿ, ವಕೀಲ ಬಾಯಿ! ಹೆಣ್ಮಕ್ಕಳು ಮೋಟಾರ ಹೊಡದ್ರ ಅದು ಹೀಂಗೇ ಅಳತದ.”

“ಖರೇ ಅದರಿ ರಾವಸಾಹೇಬ್ರ. ತವರಮನಿಗಿ ಹೊಂಟಿದ್ದೆ. ಪ್ಲಗ್ ಹೋಗ್ಯಾವ ಅನಸ್ತದ. ಬೀದರದಾಗ ಹುಡುಕಿದ್ರೂ ಸಿಗವೊಲ್ಲವು, ಸೊಲ್ಲಾಪುರದ ಮಾಲು ಇನ್ನೂ ಬಂದಿಲ್ಲಂತ. ನಿಮ್ಮಲ್ಲಿ ಇದ್ದಾವೇನೋ ಅಂತ...”

ಅವಳು ಯಾರ ಹೆಂಡತಿ, ಆ ವಕೀಲ ಯಾರ ಕೇಸು ಹಿಡಿದಿದ್ದಾನೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಮೀಸೆಯಲ್ಲಿ ನಕ್ಕ. ಹೆಂಗಸಿನಿಂದ ಏನಾದೀತು ಎಂಬ ಧೈರ್ಯ ಅದು. ಆ ಧೈರ್ಯವನ್ನು ನಂಬಿಕೊಂಡೇ ಅವಳು ಬಂದಿದ್ದಳು.

“ಪ್ಲಗ್ ಅಂದ್ರ ಏನಂತ ತಿಳದೀರಿ ಬಾಯಿ? ಸುಮ್ನ ತುರುಕೂದಲ್ಲ. ಆರಸಬೇಕು. ಪ್ಲಗ್ಗಿನ್ಯಾಗ ಎರಡು ಜಾತಿ, ಬಿಸಿ ಪ್ಲಗ್, ತಂಪು ಪ್ಲಗ್.”

“ಹೌದ್ರಿ?”

“ಮೋಟಾರ ಭಾಳ ಬಿಸಿ ಆಗತದಂದ್ರ ತಂಪು ಪ್ಲಗ್ ಹಾಕಬೇಕು. ಅದಕ್ಕಂತಲೇ ನಾ ನನ್ನ ಪ್ಲಗ್ಗೆಲ್ಲಾ ತೊಗರಿ ಕಣಜದಾಗ ಹೂಳಿಟ್ಟೀನಿ. ಕಾಳಿನ ತಂಪಿಗಿ ತಂಪು ಆಗ್ಯಾವ ನೋಡ್ರಿ, ಮಣ್ಣಿನ ಹರವಿ ನೀರಿನ ಹಾಂಗ!”

ಅಂಗಳದಲ್ಲಿದ್ದ ಆಳುಗಳು ಹೌದೆಂದು ಗೋಣು ಹಾಕಿದರು. ಸುಮಿತ್ರಾಬಾಯಿ ಕೆಳದುಟಿ ಕಚ್ಚಿ ಹಿಡಿದಳು. ಎಂಜಿನ್ನಿನ ಬೆಂಕಿಯನ್ನು ಪ್ಲಗ್ಗಿನ ಮೂತಿ ಬೇಗ ಹೊರಗೆ ಸಾಗಿಸಿದರೆ ಅದು ತಂಪಿನದು, ಹಿಡಿದಿಟ್ಟುಕೊಂಡರೆ ಬಿಸಿಯದು. ಕಣಜದಲ್ಲಿಟ್ಟು ತಂಪು ಮಾಡುವ ವಸ್ತು ಅದಲ್ಲ. ಈ ಮನುಷ್ಯ ಮೋಟಾರಿನಲ್ಲಿ ಕೂತು ಊರೆಲ್ಲ ಮೆರೆದಿದ್ದ. ಬಾನೆಟ್ಟಿನ ಕೆಳಗೆ ಏನಿದೆಯೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಆದರೆ ಕಣಜದ ಮಾತು ಅವನ ಬಾಯಿಂದಲೇ ಬಂದಿತ್ತು. ಅವಳಿಗೆ ಬೇಕಾಗಿದ್ದುದು ಅದೇ.

ಆ ದಿನಗಳಲ್ಲಿ ಮೋಟಾರಿದ್ದ ಮನೆಗಳವರೆಲ್ಲ ಮಾಡಿದ್ದು ಒಂದೇ ಕೆಲಸ. ರಜಾಕಾರರು ಬಂದು ಗಾಡಿ ಎಳೆದೊಯ್ಯಬಾರದೆಂದು ಪ್ಲಗ್ಗು ಬಿಚ್ಚಿ ಕಾಳಿನಲ್ಲಿ ಹೂಳಿಡುತ್ತಿದ್ದರು. ಮಚ್ಛೇಂದ್ರರಾವನೂ ಪೊಲೀಸರ ಮುಂದೆ ಹಾಗೇ ಹೇಳಿದ್ದ: ಹಾವಗೆಪ್ಪ ನನ್ನಲ್ಲಿಗೆ ಬರಲೇ ಇಲ್ಲ, ಅವನನ್ನು ಹುಡುಕಿ ಹೋಗಲು ನನ್ನ ಮೋಟಾರಿಗೆ ಪ್ಲಗ್ಗೇ ಇರಲಿಲ್ಲ, ಎಲ್ಲ ಕಣಜದಲ್ಲಿದ್ದವು. ರಜಾಕಾರರ ನಾಯಕರಿಗೆ ಅದೇ ಕಟ್ಟೆಯ ಮೇಲೆ ಬಿರ್ಯಾನಿ ಬಡಿಸಿದವನು ಅವರಿಗೇ ಹೆದರಿ ಪ್ಲಗ್ಗು ಹೂಳಿದ್ದನಂತೆ. ಪೊಲೀಸರು ಅದನ್ನೂ ನಂಬಿದ್ದರು.

“ಏ, ಯಾರದೀರಿ? ಒಳಗ ಹೇಳ್ರಿ. ಕಣಜದಾಗಿನ ಪ್ಲಗ್ಗಿನ ಗಂಟು ತಗೊಂಡ ಬಾ ಅನ್ರಿ.”

ಗಂಟನ್ನು ತಂದವಳು ಅವನ ಹೆಂಡತಿ ಸುಂದರಬಾಯಿ. ಬಿಳಿಯ ಅರಿವೆಯ ಗಂಟು. ಮಡಿಕೆಗಳಿಂದ ತೊಗರಿ ಕಾಳು ಉದುರುತ್ತಿತ್ತು. ಅವಳು ಅದನ್ನು ಗಂಡನ ಕೈಗೆ ಕೊಡದೆ ನೇರವಾಗಿ ಸುಮಿತ್ರಾಬಾಯಿಯ ಕೈಗಿಟ್ಟಳು. ಇಟ್ಟು ತುಸು ಹೊತ್ತು ಕೈ ಬಿಡಲಿಲ್ಲ.

ಗಂಟು ಬಿಚ್ಚಿದರೆ ಒಳಗೆ ನಾಲ್ಕು ಪ್ಲಗ್ಗು ಮತ್ತು ಪ್ಲಗ್ ಬಿಚ್ಚುವ ಒಂದು ಪಾನಾ.

ಸುಮಿತ್ರಾಬಾಯಿ ಕಣ್ಣಲ್ಲೇ ಎಣಿಸಿದಳು. ಕೊಟ್ಟಿಗೆಯಲ್ಲಿ ನಿಂತಿದ್ದ ಮಚ್ಛೇಂದ್ರರಾವನ ಅಮೆರಿಕದ ದೊಡ್ಡ ಮೋಟಾರಿಗೆ ಬೇಕಾದದ್ದು ಆರು ಪ್ಲಗ್ಗು, ಅದೂ ಹೆಬ್ಬೆರಳಿಗಿಂತ ದಪ್ಪನೆಯವು. ಇವು ಸಣ್ಣವು. ಅವಳ ಮೋಟಾರಿನಂಥ ಪುಟ್ಟ ಇಂಗ್ಲಿಷ್ ಮೋಟಾರಿನವು. ಈ ಸೀಮೆಯಲ್ಲಿ ಅಂಥ ಮೋಟಾರು ಇದ್ದದ್ದು ಎರಡೇ: ಒಂದು ಅವಳದು, ಇನ್ನೊಂದು ಹಾವಗೆಪ್ಪನದು.

ಮುಖದಲ್ಲಿ ಏನನ್ನೂ ತೋರಗೊಡದೆ ಅವಳು ಒಂದು ಪ್ಲಗ್ಗನ್ನು ಅವನತ್ತ ಹಿಡಿದಳು.

“ನಂಗ ಹಾಕಲಿಕ್ಕಿ ಬರೂದಿಲ್ರಿ. ಮೊದಲ ನಿಮ್ಮ ಗಾಡಿಗಿ ಒಂದು ಹಾಕಿ ತೋರಸ್ರಿ. ನೋಡಿ ಕಲೀತೀನಿ.”

ಕೇಳಿಕೊಂಡದ್ದು ಹೆಂಗಸು, ನೋಡುತ್ತಿದ್ದುದು ಊರು. ಅವನು ಎದ್ದ. ಧೋತರದ ಚುಂಗು ಹಿಡಿದು ಕೊಟ್ಟಿಗೆಗೆ ನಡೆದ. ಬಾನೆಟ್ಟಿನ ಕೊಂಡಿ ಎಲ್ಲಿದೆಯೆಂದು ತಡಕಾಡಿ ಸಿಗದೆ, “ಜಂಗ ಹಿಡದದ” ಎಂದ. ಒಬ್ಬ ಆಳು ಬಂದು ಒಂದೇ ಬೆರಳಿನಲ್ಲಿ ತೆಗೆದ. ಎಂಜಿನ್ನಿನ ತೂತುಗಳಿಗೆ ಚಿಂದಿ ತುರುಕಿದ್ದರು. ಒಂದು ಚಿಂದಿ ಕಿತ್ತು ಮಚ್ಛೇಂದ್ರರಾವ ಪ್ಲಗ್ಗನ್ನು ಇಳಿಸಿದ.

ಅದು ಆ ದೊಡ್ಡ ತೂತಿನಲ್ಲಿ, ಒರಳಿನಲ್ಲಿ ನಿಲ್ಲಿಸಿದ ಒನಕೆಯ ಹಾಗೆ, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲಾಡಿತು.

ಆಳು ನೆಲ ನೋಡಿದ. ಮಚ್ಛೇಂದ್ರರಾವ ಗೆಲುವಿನಿಂದ ತಿರುಗಿದ.

“ಹೀಂಗ! ಈಗ ಪಾನಾ ಹಾಕಿ ತಿರವಿದ್ರ ಬಿಗಿ ಆಗತದ.”

“ಎಷ್ಟು ಸರಾಗ ರಾವಸಾಹೇಬ್ರ!” ಎಂದಳು ಸುಮಿತ್ರಾಬಾಯಿ. ಅಷ್ಟು ಹೊಗಳಿಕೆಗೇ ಅವನ ಎದೆ ಉಬ್ಬಿತು. ಇವನನ್ನು ದ್ವೇಷಿಸುವುದಕ್ಕೂ ಒಂದು ಯೋಗ್ಯತೆ ಬೇಕು, ಅದೂ ಇವನಿಗಿಲ್ಲ ಎನ್ನಿಸಿತು ಅವಳಿಗೆ.

ಪ್ಲಗ್ಗು ಮರಳಿ ತೆಗೆದುಕೊಂಡು ತನ್ನ ಮೋಟಾರಿನ ಬಳಿ ಬಂದಳು. ಈಗ ಅವಳ ಕೈ ಹೆಂಗಸಿನ ನಾಟಕ ಬಿಟ್ಟು ತನ್ನ ಕೆಲಸಕ್ಕಿಳಿಯಿತು. ಪ್ಲಗ್ಗುಗಳ ಬುಡದ ಧೂಳನ್ನು ಬಾಯಿಂದ ಊದಿ ಹಾರಿಸಿದಳು. ಬಿಚ್ಚುವಾಗ ಒಂದು ಹರಳು ಒಳಗೆ ಬಿದ್ದರೂ ಎಂಜಿನ್ನು ಗೀರಿಹೋಗುತ್ತದೆ. ಒಂದರ ತಂತಿ ಇನ್ನೊಂದಕ್ಕೆ ಸೇರದಂತೆ ಒಂದೊಂದನ್ನೇ ಬಿಚ್ಚಿ, ಒಂದೊಂದನ್ನೇ ಹಾಕುತ್ತ ಹೋದಳು. ಮೊದಲು ಬೆರಳಿನಲ್ಲಿ ತಿರುವಿದಳು. ಎಲ್ಲೂ ಸಿಕ್ಕಿಕೊಳ್ಳದೆ, ಎಲ್ಲೂ ಸಡಿಲಾಗದೆ, ತವರಿಗೆ ಬಂದ ಮಗಳಂತೆ ಒಳಗೆ ಸೇರಿತು. ಕೊನೆಯ ಬಿಗಿಗೆ ಮಾತ್ರ ಪಾನಾ.

ಹಾಕುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದಳು. ತುದಿಯ ಸಂದಿನಲ್ಲಿ ಮುರಿದ ಗರಗಸದ ಪಟ್ಟಿಯೊಂದನ್ನು ಆಡಿಸಿದ್ದಳು. ಅಬ್ದುಲ ಖಾದರ ಅಂಥದೇ ಪಟ್ಟಿಯ ದಪ್ಪಕ್ಕೆ ಸಂದು ಕೂಡಿಸುತ್ತಿದ್ದ. ಸರಿಯಾಗಿ ಕೂತಿತ್ತು. ಪಿಂಗಾಣಿಯಲ್ಲಿ ಒಂದು ಗೀರೂ ಇರಲಿಲ್ಲ, ಪಾನಾ ಹಿಡಿಯುವ ಬಿಲ್ಲೆಯ ಮೂಲೆಗಳು ಸವೆದಿರಲಿಲ್ಲ. ದಾರಿಯಲ್ಲಿ ಗಾಡಿ ತಡೆದು ಕಿತ್ತುಕೊಂಡವರ ಕೆಲಸವಲ್ಲ ಇದು. ಅಬ್ದುಲ ಖಾದರ ಜೈಲಿನಲ್ಲಿ ಹೇಳಿದ್ದು ನೆನಪಾಯಿತು: ಪಾನಾ ಧಣಿಯ ಸೀಟಿನ ಗಾದಿಯ ಕೆಳಗೆ ಇರುತ್ತಿತ್ತು, ಅದೂ ಹೋಗಿದೆ. ಕಳ್ಳನಿಗೆ ಅದು ಹೇಗೆ ಗೊತ್ತಾಯಿತು? ಆ ಪ್ರಶ್ನೆ ಒಂದು ಮುಳ್ಳಿನಂತೆ ಅವಳೊಳಗೆ ಉಳಿಯಿತು.

ಆಮೇಲೆ ಪ್ಲಗ್ಗಿನ ಬುಡದ ಬಳೆಗಳನ್ನು, ವಾಶರುಗಳನ್ನು ನೋಡಿದ್ದಳು. ಅವಳು ಬಂದದ್ದೇ ಅವನ್ನು ನೋಡಲು.

ಸಾಮಾನು ಬರುವ ದಾರಿಗಳೆಲ್ಲ ಕಟ್ಟಿಹೋಗಿದ್ದ ಕಾಲದಲ್ಲಿ ಪ್ಲಗ್ಗಿನ ತಾಮ್ರದ ವಾಶರು ಎಲ್ಲೂ ಸಿಗುತ್ತಿರಲಿಲ್ಲ. ಡ್ರೈವರುಗಳು ತೂತಿನ ಪೈಸೆಯ ತೂತನ್ನು ದುಂಡು ಕಾನಸಿನಿಂದ ತಿಕ್ಕಿ ದೊಡ್ಡದು ಮಾಡಿ ಅದನ್ನೇ ಹಾಕುತ್ತಿದ್ದರು. ಅಬ್ದುಲ ಖಾದರ ತಂದದ್ದು ಮಗಳು ಕುಬರಾಳ ಉಡದಾರದ ಪೈಸೆಗಳನ್ನು. ಮಗುವಿಗೆ ದೃಷ್ಟಿಯಾಗದಿರಲೆಂದು ಅದರ ಅಜ್ಜಿ ಒಂದೊಂದು ಪೈಸೆಯ ಅಂಚಿನಲ್ಲೂ ಉಳಿಯಿಂದ ಮೂರು ಚುಕ್ಕೆ ಹೊಡೆಸಿದ್ದಳು.

ನಾಲ್ಕು ವಾಶರುಗಳ ಅಂಚಿನಲ್ಲೂ ಮೂರು ಮೂರು ಚುಕ್ಕೆ.

ಸುಮಿತ್ರಾಬಾಯಿ ಮೋಟಾರು ಚಾಲೂ ಮಾಡಿದಳು. ಒಂದೇ ಸಲಕ್ಕೆ ಹತ್ತಿಕೊಂಡು, ತುಂಬಿದ ಹೊಟ್ಟೆಯ ಬೆಕ್ಕಿನಂತೆ ಗುರುಗುಟ್ಟಿತು. ಅದನ್ನು ಹಾಗೇ ಬಿಟ್ಟು ಕೆಳಗಿಳಿದಳು.

“ನೋಡಿದ್ರ್ಯಾ ತಂಪು ಪ್ಲಗ್ಗಿನ ಗುಣಾ!” ಎಂದ ಮಚ್ಛೇಂದ್ರರಾವ.

“ನೋಡಿದೆ. ರಾವಸಾಹೇಬ್ರ, ಉಳದ ಎರಡು ಎಲ್ಲವ?”

“ಯಾವ ಎರಡು?”

“ನಿಮ್ಮ ಗಾಡಿಗಿ ಆರು ಬೇಕು. ಗಂಟಿನ್ಯಾಗ ನಾಲ್ಕ ಅದಾವ.”

“ಆಳುಗೋಳು ಕಳದಿರಬೇಕು.”

“ಕಳದ ಮ್ಯಾಲ ಉಳದವು ಸಣ್ಣಾನೂ ಆದುವೇನು? ನಿಮ್ಮ ತೂತಿನ್ಯಾಗ ಅದು ಕುಣೀಲಿಕತ್ತಿತ್ತು. ನಿಮ್ಮ ಆಳಿಗಿ ಕಾಣಿಸ್ತು, ನನಗ ಕಾಣಿಸ್ತು. ನಿಮಗೊಬ್ಬರಿಗೇ ಕಾಣಲಿಲ್ಲ.”

ಅವನ ಮೀಸೆಯ ನಗು ಅಲ್ಲೇ ಒಣಗಿತು.

“ಏನನ್ನಲಿಕತ್ತೀರಿ ನೀವು?”

“ಇವು ಹಾವಗೆಪ್ಪನ ಮೋಟಾರಿನ ಪ್ಲಗ್ಗು. ಅವ ನಿಮ್ಮ ಮನಿಗಿ ಬರಲೇ ಇಲ್ಲಂತ ಬರಕೊಟ್ಟೀರಿ. ಅವನ ಪ್ಲಗ್ಗು ನಿಮ್ಮ ಕಣಜಕ್ಕ ನಡಕೋತ ಬಂದುವೇನು?”

“ಪ್ಲಗ್ಗಿಗೇನು ಹೆಸರ ಬರದಿರತದ? ಯಾರದೋ ಇರಬೇಕು!”

“ಬರದದ. ಕುಲಸುಮಾ, ಬಾ ಇಲ್ಲಿ.”

ಕುಲಸುಮಬೀ ಮಗುವನ್ನು ಎತ್ತಿಕೊಂಡು ಇಳಿದಳು. ಅವನು ಮೊದಲ ಸಲ ಅವಳ ಮುಖ ನೋಡಿದ. ಯಾರೆಂದು ತಿಳಿಯಲಿಲ್ಲ. ಅವಳು ಕುಬರಾಳ ಲಂಗ ಸರಿಸಿ ಉಡದಾರ ತೋರಿಸಿದಳು. ಐದು ಪೈಸೆಗಳಲ್ಲಿ ಉಳಿದ ಒಂದೇ ಒಂದು ಆ ಪುಟ್ಟ ಹೊಟ್ಟೆಯ ಮೇಲೆ ತೂಗುತ್ತಿತ್ತು. ಅಂಚಿನಲ್ಲಿ ಮೂರು ಚುಕ್ಕೆ.

“ನಮ್ಮ ಅತ್ತಿ ಹೊಡಸಿದ್ದರಿ ಇದು,” ಎಂದಳು ಕುಲಸುಮಬೀ. ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. “ಮಗಳ ಸೊಂಟದ್ದು ಬಿಚ್ಚಿ ಧಣಿ ಗಾಡಿಗಿ ಹಾಕಿದ ನನ್ನ ಗಂಡ. ಧಣಿನ್ನ ಕೊಲ್ಲಾಂವ ಹಾಂಗ ಮಾಡ್ತಾನೇನ್ರಿ?”

ಆಳುಗಳು ಕತ್ತು ಚಾಚಿ ಪೈಸೆ ನೋಡಿದರು. ಮಗು ಮಾತ್ರ ಬಿದ್ದ ತೊಗರಿ ಕಾಳು ಆರಿಸಲು ಕೈ ಚಾಚಿತು.

ಮಚ್ಛೇಂದ್ರರಾವ ಟೋಪಿ ತೆಗೆದು ಬೆವರೊರೆಸಿಕೊಂಡ. ದನಿಯಲ್ಲಿ ಈಗ ಬೆಣ್ಣೆಯಿತ್ತು.

“ಬಾಯಿ, ನೀವು ದೊಡ್ಡ ಮನಿಯವರು. ಒಬ್ಬ ಡ್ರೈವರನ ಸಲುವಾಗಿ ಇಷ್ಟ್ಯಾಕ? ಅವ ಹೋದ್ರ ಬೀದರಕ್ಕ ಏನು ಕಮ್ಮಿ ಆಗತದ? ಇನ್ನೊಬ್ಬ ಡ್ರೈವರ ಸಿಗತಾನ.”

ಸುಮಿತ್ರಾಬಾಯಿ ಅವನನ್ನು ಟೋಪಿಯಿಂದ ಕಾಲಿನ ಚಡಾವಿನವರೆಗೆ ಒಮ್ಮೆ ನೋಡಿದಳು. ಅಂಗಳ ಗುಡಿಸುವಾಗ ಸಿಕ್ಕಿದ್ದನ್ನು ನೋಡುವಂತಿತ್ತು ಆ ನೋಟ.

“ನಿಮ್ಮ ಜೋಡಿ ಜಗಳಾಡಲಿಕ್ಕೂ ನನಗ ಹೊತ್ತಿಲ್ಲ. ಈ ಪ್ಲಗ್ಗಿನ ಮ್ಯಾಲೇ ಬೀದರ ಮುಟ್ಟತೀನಿ. ಲಾರಿ ಹೊರಡೂದರಾಗ ಇವನ್ನ ಸಾಹೇಬರ ಟೇಬಲ್ ಮ್ಯಾಲ ಬಿಚ್ಚಿಡ್ತೀನಿ. ಮುಂದಿಂದು ನೀವೇ ಹೇಳೀರಂತ, ಬಿಸಿ ಯಾವದು, ತಂಪು ಯಾವದು.”

ಅವಳು ಮೋಟಾರಿನ ಬಾಗಿಲಿಗೆ ಕೈ ಹಾಕಿದ್ದಳು. ಒಳಗಿನಿಂದ ಸುಂದರಬಾಯಿಯ ದನಿ ಬಂತು.

“ತಡೀರಿ ಅಕ್ಕಾರ! ಬಂದ ಮುತ್ತೈದಿ ಬರೀ ಉಡೀಲೆ ಹೋಗಬಾರದು.”

“ಈಗ ನಿನ್ನ ಉಡಿ ಒಂದು ಬ್ಯಾರೆ!” ಎಂದು ಗಂಡ ಗದರಿದ. ಆದರೆ ಉಡಿ ತುಂಬುವ ಹೆಂಗಸನ್ನು ಆಳುಗಳೆದುರು ತಡೆಯುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನು ಮುಖ ಸಿಂಡರಿಸಿ ಅತ್ತ ತಿರುಗಿದ.

ಸುಂದರಬಾಯಿ ತಟ್ಟೆ ಹಿಡಿದು ಬಂದಳು. ಸುಮಿತ್ರಾಬಾಯಿ ಸೆರಗೊಡ್ಡಿದಳು. ಜೋಳ, ಕೊಬ್ಬರಿ ಬಟ್ಟಲು, ಕುಬಸದ ಅರಿವೆ. ಬೊಗಸೆಯಿಂದ ಬೊಗಸೆಗೆ ಸುಂದರಬಾಯಿ ಹತ್ತಿರ ಬಾಗಿದಳು. ಮೋಟಾರಿನ ಗುರುಗುಟ್ಟುವಿಕೆಯಲ್ಲಿ ಅವಳ ಮಾತು ಇವಳೊಬ್ಬಳಿಗೇ ಕೇಳುವಂತಿತ್ತು.

“ಕಣಜದಾಗ ಎರಡು ಗಂಟು ಇದ್ದುವು ಅಕ್ಕಾರ. ಇದನ್ನ ನಾನೇ ಆರಸಿ ತಂದೆ.”

ಸುಮಿತ್ರಾಬಾಯಿ ತಲೆ ಎತ್ತಲಿಲ್ಲ. “ಯಾಕ?”

“ಆ ಡ್ರೈವರಗ ಕೂಸು ಅದ ಅಂತ ಕೇಳಿದ್ದೆ. ನಿದ್ದಿ ಬರಲಿಲ್ಲ.” ಇನ್ನೊಂದು ಬೊಗಸೆ ಜೋಳ ಸುರಿಯಿತು. “ಆದರ ಇವನ್ನ ಬಿಚ್ಚಿದ ಕೈ ನಮ್ಮವರದಲ್ಲ. ನಮ್ಮವರಿಗಿ ಬಿಚ್ಚಲಿಕ್ಕಿ ಎಲ್ಲಿ ಬರತದ, ನೀವೇ ನೋಡಿದ್ರಿ. ಆ ಕೈಗಿ ದಿನಾ ಎರಡು ಹೊತ್ತು ನಾ ರೊಟ್ಟಿ ಬಡಸ್ತೀನಿ. ಮುಂಜಾನಿ ಲಿಂಗಪೂಜಿಗಿ ಪತ್ರಿ ಕೊಯ್ದು ಕೊಡ್ತೀನಿ.”

ಜೋಳದ ಕಾಳು ಸೆರಗಿನಿಂದ ಜಾರಿ ನೆಲಕ್ಕೆ ಬಿದ್ದವು.

ಗೀರಿಲ್ಲದ ಪಿಂಗಾಣಿ. ಸವೆಯದ ಬಿಲ್ಲೆ. ಧಣಿಯ ಗಾದಿಯ ಕೆಳಗಿನ ಪಾನಾ. ಡ್ರೈವರ್ ನೀರಿಗೆ ಹೋದಾಗ ಸಾವಕಾಶವಾಗಿ, ಒಂದೊಂದಾಗಿ...

ಅಷ್ಟರಲ್ಲಿ ಅಟ್ಟದ ಮೇಲಿನ ಕಿಟಕಿಯ ಒಂದು ಪಡಕು ಕಿರ್ ಎಂದಿತು. ಸಂದಿಯಲ್ಲಿ ವಿಭೂತಿ ಬಳಿದ ಒಂದು ಮುಂಗೈ ಕಂಡಿತು. ಮೇಲಿನಿಂದ ಒಂದು ದನಿ, ಅವಸರವಿಲ್ಲದೆ, ಜವಳಿ ಅಂಗಡಿಯಲ್ಲಿ ಕೂತು ಬಟ್ಟೆಯ ಥಾನು ಹರಿಯಲು ಹೇಳುವಂತೆ ಹೇಳಿತು.

“ಮಚ್ಛೇಂದ್ರಾ, ಅಗಸಿ ಹಾಕಸು. ಆ ಮೋಟಾರ ಹೊರಗ ಹೋಗಬಾರದು.”

ಕುಲಸುಮಬೀ ಸುಮಿತ್ರಾಬಾಯಿಯ ತೋಳನ್ನು ಗಟ್ಟಿಯಾಗಿ ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು. ಅವಳ ಇನ್ನೊಂದು ಕೈ ಮಗುವಿನ ಉಡದಾರದ ಪೈಸೆಯನ್ನು ಮುಚ್ಚಿಕೊಂಡಿತ್ತು.

“ಬಾಯೀ,” ಎಂದಳು ಉಸಿರಿನಲ್ಲಿ. “ನನ್ನ ಗಂಡ ಯಾರನ್ನ ಕೊಂದಾನಂತ ಜೇಲಿನ್ಯಾಗ ಅದಾನೋ, ಅವರು ಮಾತಾಡ್ಲಿಕತ್ತಾರ.”

ಹಿಂದೆ ಆಳುಗಳು ಅಗಸಿಯ ಎರಡೂ ಕದಗಳನ್ನು ದಬ್ಬುತ್ತಿದ್ದರು. ಸತ್ತನೆನಿಸಿಕೊಂಡವನ ಪ್ಲಗ್ಗುಗಳ ಮೇಲೆ ಮೋಟಾರು ಒಂದೇ ಸಮನೆ ಗುರುಗುಟ್ಟುತ್ತಿತ್ತು. ಕದಗಳ ನಡುವೆ ಉಳಿದಿದ್ದ ಬಿಸಿಲಿನ ಪಟ್ಟಿ ಮೋಟಾರಿನಷ್ಟು ಅಗಲವಿದ್ದದ್ದು, ನೋಡುನೋಡುತ್ತ ಮನುಷ್ಯನಷ್ಟಾಯಿತು.